ತೂಕ ಏರಿತು, ಎತ್ತರ ನಿಂತಿತು

ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ, ರೇಷ್ಮೆ ಮನೆ. ಹುಳು ಜ್ವರಕ್ಕೆ, ಅಂದರೆ ಪೊರೆ ಬಿಡುವ ನಿದ್ದೆಗೆ, ಕೂತಿದೆಯೋ ಎದ್ದಿದೆಯೋ ಅಂತ ತಟ್ಟೆ ನೋಡಿದ ಕೂಡಲೇ ಹೇಳುತ್ತೇನೆ. ತಟ್ಟೆಯಲ್ಲಿ ನಾಲ್ಕು ಹುಳು ಸಣ್ಣಗೆ ಉಳಿದರೂ ನನ್ನ ಕಣ್ಣಿಗೆ ಬೀಳುತ್ತದೆ. ಅಂಥವಳಿಗೆ ಸ್ವಂತ ಮಗಳು ಬೆಳೆಯದೆ ನಿಂತದ್ದು ಎರಡು ವರ್ಷ ಕಾಣಲಿಲ್ಲ.

ಕಾಣಿಸಿದ್ದು ಯೂನಿಫಾರ್ಮ್. ಎರಡನೇ ತರಗತಿಗೆ ಹೊಲಿಸಿದ ಲಂಗ ನಾಲ್ಕನೇ ತರಗತಿಗೆ ಬಂದರೂ ಮಂಡಿಯ ಕೆಳಗೇ ಇತ್ತು. ಸೊಂಟದ ಹುಕ್ಕನ್ನು ಮಾತ್ರ ಎರಡು ಸಲ ಸರಿಸಿ ಹೊಲಿದಿದ್ದೆ. ಮೂರು ದಿನಕ್ಕೊಮ್ಮೆ ಮಲವಿಸರ್ಜನೆ, ಬೇಸಿಗೆಯಲ್ಲೂ ಕಂಬಳಿ ಹೊದೆಯುವುದು, ಒರಟು ಚರ್ಮ, ಸಂಜೆಗೇ ನಿದ್ದೆ. ಒಂದೊಂದಕ್ಕೂ ಒಂದೊಂದು ಕಾರಣ ಹೇಳಿಕೊಂಡಿದ್ದೆ. ಶಾಲೆಯಲ್ಲಿ "ತುಂಬಾ ಸೌಮ್ಯ ಹುಡುಗಿ" ಎಂದಾಗ ಹೆಮ್ಮೆ ಬೇರೆ ಪಟ್ಟಿದ್ದೆ.

"ನಮ್ಮನೆ ಕಡೆ ಎಲ್ರೂ ಗಿಡ್ಡನೇ ಕಣಮ್ಮ, ದೊಡ್ಡೋಳಾದಾಗ ಒಂದೇ ಸಲ ಬೆಳೀತಾಳೆ" ಎಂದರು ಅತ್ತೆ. ಮೊದಲು ತೋರಿಸಿದ ಡಾಕ್ಟರೂ ಹೆಚ್ಚುಕಡಿಮೆ ಅದನ್ನೇ ಹೇಳಿ ಟಾನಿಕ್ ಬರೆದರು. ಎತ್ತರ ಬೆಳೆಸುವ ಪುಡಿ ಅಂತ ಡಬ್ಬ ಡಬ್ಬ ತಂದು ಹಾಲಿಗೆ ಹಾಕಿದೆವು. ಆ ದುಡ್ಡಿನ ಲೆಕ್ಕ ಈಗ ಬೇಡ.

ಆಮೇಲೆ ನಾನೇ ಅಳೆಯಲು ಕೂತೆ. ಮೊದಲ ಸಲ ಟೈಲರ್ ಟೇಪನ್ನು ತಲೆಯಿಂದ ಕಾಲಿಗೆ ಇಳಿಬಿಟ್ಟೆ. ಅವಳು ಹಿಮ್ಮಡಿ ಎತ್ತಿದಳು, ಒಂದು ಇಂಚು ತಪ್ಪು ಲೆಕ್ಕ ಬಂತು. ಸರಿಯಾದ ಕ್ರಮ ಕಲಿಯಲು ಹತ್ತು ಸಲ ಬೇಕಾಯಿತು: ಜಡೆ ಬಿಚ್ಚಬೇಕು, ಬರಿಗಾಲು, ಹಿಮ್ಮಡಿ, ಅಂಡು, ಬೆನ್ನು ಗೋಡೆಗೆ ತಾಗಿರಬೇಕು, ನೋಟ ನೇರ. ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವನ್ನು ಗೋಡೆಗೆ ಮೂಲೆಮಟ್ಟವಾಗಿ ಒತ್ತಿ, ಅಡಿಯಲ್ಲಿ ಪೆನ್ಸಿಲ್ ಗೆರೆ. ಎರಡು ಸಲ ಅಳೆದು ಎರಡೂ ಒಂದೇ ಬಂದರೆ ಮಾತ್ರ ತಾರೀಖು ಬರೆಯುತ್ತಿದ್ದೆ. ಏಳನೇ ವರ್ಷಕ್ಕೆ ಶಾಲೆಯ ಆರೋಗ್ಯ ಕಾರ್ಡಿನಲ್ಲಿ 114 ಸೆಂಟಿಮೀಟರ್ ಅಂತಿತ್ತು. ಒಂಬತ್ತಕ್ಕೆ ನಮ್ಮ ಗೋಡೆಯಲ್ಲಿ 117. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯಬೇಕು, ನಾಲ್ಕಕ್ಕಿಂತ ಕಡಿಮೆಯಾದರೆ ತೋರಿಸಬೇಕು. ಇದು ನನಗೆ ಗೊತ್ತಾದದ್ದು ಬೆಂಗಳೂರಿನಲ್ಲಿ, ಮಕ್ಕಳ ಹಾರ್ಮೋನ್ ಡಾಕ್ಟರ ಮುಂದೆ.

ಅವರು ನಮ್ಮಿಬ್ಬರ ಎತ್ತರ ಕೇಳಿದರು. ಇವರು 164, ನಾನು 153. ಎರಡೂ ಕೂಡಿಸಿ, ಹೆಣ್ಣುಮಗುವಾದ್ದರಿಂದ 13 ಕಳೆದು, ಅರ್ಧ ಮಾಡಿದರೆ 152. ದೊಡ್ಡವಳಾದಾಗ ಅವಳು ಮುಟ್ಟಬಹುದಾದ ಅಂದಾಜು ಎತ್ತರ ಅದು. ಗಂಡಾಗಿದ್ದರೆ 13 ಕೂಡಿಸಬೇಕಂತೆ. "ನೀವು ಗಿಡ್ಡ ಇರಬಹುದು, ಆದರೆ ಇವಳು ನಿಮ್ಮ ಗೆರೆಯಿಂದಲೂ ಕೆಳಗೆ ಜಾರಿದ್ದಾಳಮ್ಮ" ಎಂದು ಬೆಳವಣಿಗೆ ಪಟ್ಟಿಯನ್ನು ನನ್ನ ಕಡೆ ತಿರುಗಿಸಿದರು. ಆಮೇಲೆ ಹೇಳಿದ ಮಾತು ಇವತ್ತಿಗೂ ತಲೆಯಲ್ಲಿದೆ: ಊಟ ಸಾಲದಿದ್ದರೆ ಮೊದಲು ಸೊರಗುವುದು ತೂಕ, ಎತ್ತರ ಆಮೇಲೆ. ತೂಕ ಏರುತ್ತಲೇ ಎತ್ತರ ನಿಂತರೆ ಹಾರ್ಮೋನ್ ಕಡೆ ನೋಡಬೇಕು. ಹುಕ್ಕು ಸರಿಸಿದ ಲಂಗ ನೆನಪಾಗಿ ನಾಚಿಕೆಯಾಯಿತು.

ಎಡಗೈಯ ಎಕ್ಸ್‌ರೇಯಲ್ಲಿ ಮೂಳೆಯ ವಯಸ್ಸು ಆರು ಅಂತ ಬಂತು, ಅಂದರೆ ಮೂಳೆ ಆರು ವರ್ಷದ ಮಗುವಿನಷ್ಟೇ ಬಲಿತಿತ್ತು. ಟಿಎಸ್‌ಎಚ್ ಅನ್ನುವ ಹಾರ್ಮೋನ್ ರಕ್ತದಲ್ಲಿ 100 ದಾಟಿತ್ತು, ಕತ್ತಿನ ಥೈರಾಯ್ಡ್ ಗ್ರಂಥಿ ಮಾಡುವ ಟಿ4 ಹಾರ್ಮೋನ್ ತೀರಾ ಕಡಿಮೆ. ಟಿಎಸ್‌ಎಚ್ ಹೆಚ್ಚಿದ್ದರೆ ಥೈರಾಯ್ಡ್ ಹೆಚ್ಚು ಕೆಲಸ ಮಾಡುತ್ತಿದೆ ಅಂದುಕೊಂಡೆ, ಅದು ಉಲ್ಟಾ. ಅದು ಮಿದುಳಿನ ಅಡಿಯ ಪಿಟ್ಯುಟರಿ ಗ್ರಂಥಿಯ ಕೂಗು. ಆಳು ಏಳದಿದ್ದರೆ ಯಜಮಾನನ ದನಿ ಜೋರಾಗುವುದಿಲ್ಲವೇ, ಹಾಗೆ. ದೇಹದ ರಕ್ಷಣಾಪಡೆಯೇ ಥೈರಾಯ್ಡ್ ಮೇಲೆ ತಿರುಗಿಬಿದ್ದಿತ್ತು, ಅದಕ್ಕೇ ಅದು ಸೋತಿತ್ತು.

ಇಷ್ಟು ಚಿಟಿಕೆ ಹಾರ್ಮೋನಿಗೆ ಇಷ್ಟೊಂದು ಶಕ್ತಿಯೇ ಅಂತ ಇವರಿಗೆ ಅನುಮಾನ. ನನಗೆ ಇರಲಿಲ್ಲ. ಅಲ್ಲೊಂದು ಇಲ್ಲೊಂದು ಹುಳು ಹಣ್ಣಾಗಲು, ಅಂದರೆ ಗೂಡು ಕಟ್ಟಲು ತಯಾರಾಗಲು, ಶುರುವಾದಾಗ ನಾವು ಸೊಪ್ಪಿಗೆ 'ಸಂಪೂರ್ಣ' ಚಿಮುಕಿಸುತ್ತೇವೆ. ಗಿಡದಿಂದ ತೆಗೆದ, ಹುಳುವಿನದೇ ಹಾರ್ಮೋನಿನಂಥ ವಸ್ತು ಅದು. ಸ್ವಲ್ಪವೇ ಸಾಕು, ಹುಳುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಹಣ್ಣಾಗಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆ ಏರುತ್ತವೆ.

ಮದ್ದು ಲೆವೊಥೈರಾಕ್ಸಿನ್ ಮಾತ್ರೆ, ಕಡಿಮೆಯಾದ ಆ ಥೈರಾಯ್ಡ್ ಹಾರ್ಮೋನನ್ನೇ ಹೊರಗಿನಿಂದ ಕೊಡುವುದು. ಮೊದಲು 25 ಮೈಕ್ರೋಗ್ರಾಂ, ಆಮೇಲೆ 50. ಬೆಳಿಗ್ಗೆ ಹುಳುವಿಗೆ ಸೊಪ್ಪು ಹಾಕಲು ಏಳುವಾಗಲೇ ಅವಳಿಗೆ ನೀರಿನಲ್ಲಿ ಕೊಡುತ್ತೇನೆ. ನಾನು ಸೊಪ್ಪು ಹಾಕಿ ಕೈ ತೊಳೆದು ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿರುತ್ತದೆ, ಆಮೇಲೆ ತಿಂಡಿ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ಮಧ್ಯಾಹ್ನದ ಊಟದ ಮೇಲೆ. ಎರಡರ ನಡುವೆ ನಾಲ್ಕು ಗಂಟೆ ಇರಲೇಬೇಕು. ಹುಳು ಮನೆಯಲ್ಲಿ ಸದಾ ತೇವ, ಹಾಗಾಗಿ ಮಾತ್ರೆ ಬೀರುವಿನಲ್ಲಿ.

ಆರೆಂಟು ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿ ಪ್ರಮಾಣ ಹೊಂದಿಸಿದರು. ಮೊದಲ ತಿಂಗಳುಗಳು ಸುಲಭವಿರಲಿಲ್ಲ. ಕೂದಲು ಉದುರಿತು. ಸೌಮ್ಯ ಹುಡುಗಿ ಕೂತಲ್ಲಿ ಕೂರದಾದಳು, ತರಗತಿಯಲ್ಲಿ ಮಾತು ಹೆಚ್ಚಿತು, ಟೀಚರು ಕರೆದು ಹೇಳಿದರು. ಮಾತ್ರೆ ನಿಲ್ಲಿಸೋಣ ಅಂತ ಅತ್ತೆ. ಹೀಗಾಗಬಹುದು ಅಂತ ಡಾಕ್ಟರ್ ಮೊದಲೇ ಎಚ್ಚರಿಸಿದ್ದರಿಂದ ನಾನು ಬಗ್ಗಲಿಲ್ಲ. ಈ ಕೊರತೆ ಹುಟ್ಟಿನಿಂದಲೇ ಇದ್ದು, ಮದ್ದು ತಡವಾಗಿದ್ದರೆ, ಮಿದುಳಿಗೇ ಪೆಟ್ಟು ಬೀಳುತ್ತಿತ್ತು. ಇವಳದು ಆಮೇಲೆ ಬಂದದ್ದು, ಪಾಠಕ್ಕೆ ತೊಂದರೆಯಾಗಿಲ್ಲ.

ಮೂಳೆಯ ವಯಸ್ಸು ಹಿಂದೆ ಉಳಿದದ್ದೂ ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು, ಬೆಳೆಯಲು ಇನ್ನೂ ಜಾಗವಿತ್ತು. ಒಂದು ವರ್ಷಕ್ಕೆ ಗೆರೆ 126ಕ್ಕೆ ಏರಿತು. ಆ ಲಂಗ ಕೊನೆಗೂ ಗಿಡ್ಡವಾಯಿತು.

ಈಗ ಮೂರು ತಿಂಗಳಿಗೊಮ್ಮೆ ತಮ್ಮನನ್ನೂ ಅದೇ ಗೋಡೆಗೆ ನಿಲ್ಲಿಸುತ್ತೇವೆ. ಅಕ್ಕನ ಗೆರೆ ಮುಟ್ಟಬೇಕೆಂದು ಅವನೂ ಹಿಮ್ಮಡಿ ಎತ್ತುತ್ತಾನೆ. ಇವಳು ಕೂತು ಅವನ ಪಾದ ಅದುಮಿ ಹಿಡಿದು, "ಅಮ್ಮಾ, ಈಗ ಪುಸ್ತಕ ಇಡು" ಅನ್ನುತ್ತಾಳೆ.