ಕಸ ಆಯುವ ಅಕ್ಕಂದಿರನ್ನೇ ಟೀಚರ್ ಮಾಡಿದ ನನ್ನ ಅನುಭವ

"ಪರಿಸರದ ಕೆಲಸದಲ್ಲಿ ಜಾತಿ ಯಾಕೆ ತರ್ತೀರ?" ಅಂತ ನಮ್ಮ ವಾರ್ಡಿನ ಗೆಳೆಯರೇ ಕೇಳಿದ್ದರು. ಮನೆಯಲ್ಲೇ ಕಸ ಬೇರೆ ಮಾಡುವುದನ್ನು ಕಲಿಸಲು ಕಸ ಆಯುವವರನ್ನೇ ಕರೆಸಿದಾಗಿನ ಮಾತು ಅದು. ಈಗ ಅವರ ಅಪಾರ್ಟ್‌ಮೆಂಟಿನಲ್ಲೂ ಇದೇ ದಾರಿ ಹಿಡಿದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

2012ರಲ್ಲಿ ಮಾವಳ್ಳಿಪುರದ ಕಸ ಸುರಿಯುವ ಜಾಗ ಮುಚ್ಚಿದ್ದು, ಬೆಂಗಳೂರಿನ ಕಸ ಮಂಡೂರು ಹಳ್ಳಿಯ ಮೇಲೆ ಬಿದ್ದದ್ದು, ಅಲ್ಲಿಯ ಜನ ಸಿಡಿದೆದ್ದದ್ದು ನಿಮಗೆಲ್ಲ ಗೊತ್ತು. ಆಮೇಲೆ ಹೈಕೋರ್ಟ್ ಆದೇಶ, ಎರಡು ಬುಟ್ಟಿ, ಒಂದು ಚೀಲ: ಹಸಿಕಸಕ್ಕೊಂದು ಬುಟ್ಟಿ, ಸ್ಯಾನಿಟರಿ ಪ್ಯಾಡಿನಂಥ ಕಸಕ್ಕೊಂದು ಬುಟ್ಟಿ, ಒಣಕಸಕ್ಕೆ ಚೀಲ. ಆದರೂ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಸ ಬೆರಕೆಯಾಗಿಯೇ ಬರುತ್ತಿತ್ತು. ಸುಮಾರು 180 ಮನೆ. ಕರಪತ್ರ, ಬ್ಯಾನರ್, ಬಣ್ಣದ ಬುಟ್ಟಿ ಅಂತ 60-70 ಸಾವಿರ ಸುರಿದೆವು. ಮೂರರಲ್ಲಿ ಒಂದು ಮನೆಯೂ ಸರಿಯಾಗಿ ಬೇರೆ ಮಾಡಲಿಲ್ಲ. ದಂಡ ಹಾಕಿದೆವು. ದಂಡ ಕಟ್ಟಿ ಮತ್ತೆ ಬೆರೆಸಿದರು.

ಬಾಗಿಲಾಚೆ ಇಟ್ಟ ಮೇಲೆ ಕಸ ಮುಟ್ಟುವುದು ಬೇರೆಯವರ ಹಣೆಬರಹ ಅಂತ ನಂಬಿರುವ ಮನೆಗೆ ಬುಟ್ಟಿಯ ಬಣ್ಣ ಕಲಿಸಿ ಏನು ಬಂತು? ಮುಟ್ಟುವವರಲ್ಲಿ ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. ಆ ಮಾತು ಎತ್ತದೆ ಹಸಿರು, ಭೂಮಿ ಅಂತ ಎಷ್ಟು ಹೇಳಿದರೂ ಸುಮ್ನೆ.

ಒಣಕಸ ವಿಂಗಡಿಸಿ ಮಾರುವ ಒಣಕಸ ಕೇಂದ್ರದ ಇಬ್ಬರು ಅಕ್ಕಂದಿರನ್ನು ನಮ್ಮ ಮನೆಗಳವರಿಗೆ ತರಬೇತಿ ಕೊಡಲು ಕರೆದೆ. ಒಂದು ಸಭೆಗೆ ಒಬ್ಬರಿಗೆ 750 ರೂಪಾಯಿ. ಕಸ ಆಯುವವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಿ ಅಂತ ಆಗಿದ್ದ 2016ರ ಘನತ್ಯಾಜ್ಯ ನಿಯಮಗಳೇ ಹೇಳುತ್ತಿದ್ದವು, ಅದನ್ನು ಅಪಾರ್ಟ್‌ಮೆಂಟ್ ಸಂಘದವರಿಗೆ ತೋರಿಸಿದೆ. ಕೆಲವರು ಈ ದುಡ್ಡನ್ನು 'ಇನಾಮು' ಅಂತ ಬರೆಯೋಣ ಅಂದರು. ಜಗಳವಾಡಿ 'ತರಬೇತಿ ಶುಲ್ಕ' ಅಂತಲೇ ಬರೆಸಿದೆ. ಇನ್ನೆರಡು ಷರತ್ತು: ಅಕ್ಕಂದಿರಿಗೂ ಎಲ್ಲರೂ ಹತ್ತುವ ಲಿಫ್ಟು, ಎಲ್ಲರೂ ಕುಡಿಯುವ ಲೋಟ. ಲೋಟದ ವಿಷಯಕ್ಕೇ ಜಾಸ್ತಿ ಮುಖ ಗಂಟಿಕ್ಕಿದ್ದು.

ಸಭೆಯಲ್ಲಿ ಒಬ್ಬ ಅಕ್ಕ ನ್ಯೂಸ್‌ಪೇಪರ್ ಹಾಸಿ ಒಂದು ಕಸದ ಚೀಲ ಸುರಿದರು. ಮೊಸರಿನ ಡಬ್ಬಿಯೊಳಗೆ ಶೇವಿಂಗ್ ಬ್ಲೇಡು. ತಮ್ಮ ಹೆಬ್ಬೆರಳಿನ ಗಾಯದ ಗೆರೆ ತೋರಿಸಿ, "ಇದೂ ಇಂಥದ್ದೇ ಅಮ್ಮ" ಅಂದರು. ಹಾಲಿನ ಕವರ್ ಎತ್ತಿ, ತೊಳೆದು ಒಣಗಿಸಿದ್ದಕ್ಕೆ ಕೆಜಿಗೆ ಎಷ್ಟು, ಅನ್ನ ಮೆತ್ತಿದ್ದಕ್ಕೆ ಎಷ್ಟು ಅಂತ ಬಾಯಲ್ಲೇ ಲೆಕ್ಕ ಹಾಕಿದರು. ಯಾರೂ ಫೋನ್ ನೋಡಲಿಲ್ಲ.

ಮೂರು-ನಾಲ್ಕು ತಿಂಗಳಲ್ಲಿ ಹತ್ತರಲ್ಲಿ ಎಂಟು-ಒಂಬತ್ತು ಮನೆ ದಾರಿಗೆ ಬಂದವು. ನಮ್ಮ ಭಾಗದಲ್ಲಿ ಇಷ್ಟು ಬೇಗ ಇನ್ಯಾರಿಗೂ ಆಗಿಲ್ಲ, ಧೈರ್ಯವಾಗಿ ಹೇಳುತ್ತೇನೆ. ಶುದ್ಧ ಒಣಕಸದಿಂದ ಕೇಂದ್ರಕ್ಕೆ ತಿಂಗಳಿಗೆ ನಾಲ್ಕೈದು ಸಾವಿರ ಹೆಚ್ಚು ಸಿಕ್ಕಿತು. ಸಂಘ ಅದರಲ್ಲಿ ಪಾಲು ಕೇಳಿತು. ನಾನು ಕೊಡಲು ಬಿಡಲಿಲ್ಲ.

ನಡುವೆ ಇನ್ನೊಂದು ಮಾಡಿ ನೋಡಿದೆ. ರಸ್ತೆ ಮೂಲೆಯ ಬ್ಲ್ಯಾಕ್ ಸ್ಪಾಟಿಗೆ, ಅಂದರೆ ಜನ ಕಸ ಎಸೆಯುವ ಜಾಗಕ್ಕೆ, ರಂಗೋಲಿ ಹಾಕಿಸಿದರೆ ಎರಡು ವಾರಕ್ಕೆ ಮತ್ತೆ ಚೀಲಗಳು ಬಂದವು. ಅಲ್ಲೇ ಎಂಟು ಸಾವಿರ ಖರ್ಚು ಮಾಡಿ, ಪೌರಕಾರ್ಮಿಕರು ತಿಂಡಿ ತಿನ್ನಲು ನೆರಳಿರುವ ಒಂದು ಕಲ್ಲುಬೆಂಚು ಹಾಕಿಸಿದೆ. ಅವರು ಕೂತು ತಿನ್ನುವ ಜಾಗಕ್ಕೆ ಕಸ ಎಸೆಯಲು ಯಾರಿಗೂ ಕೈ ಬರಲಿಲ್ಲ. ಈಗಲೂ ಚೊಕ್ಕವಾಗಿದೆ.

ಯಾವ ಮಹಡಿಯ ಚೀಲ ಮೊದಲು ಸುರಿಯಬೇಕು, ಯಾರನ್ನು ಮುಂದಿನ ಸಾಲಲ್ಲಿ ಕೂರಿಸಬೇಕು ಅನ್ನೋದನ್ನು ಇಲ್ಲಿ ಹೇಳಲ್ಲ. ಅದು ಆ ಅಕ್ಕಂದಿರ ವಿದ್ಯೆ. ಬೇಕಾದವರು ಅವರನ್ನೇ ಕರೆಸಿ. ಈಗ ಸಭೆಗೆ ಸಾವಿರ ರೂಪಾಯಿ, ಚೌಕಾಸಿ ಮಾಡಬೇಡಿ.