ಅಣುಸ್ಥಾವರದ ಪಕ್ಕ ಗ್ಯಾಸ್ ಪೈಪು ಬರುತ್ತದಂತೆ? ಫೈಲು ಓದುವುದು ಹೀಗೆ

ಇಂಥ ಯೋಜನೆಯ ವರದಿ ಕೈಗೆ ಸಿಕ್ಕರೆ ಮೊದಲ ಪುಟದಿಂದ ಓದಬೇಡಿ. ನೂರಾರು ಪುಟ ಇರುತ್ತದೆ. ಹಳ್ಳ, ಹಕ್ಕಿ, ರಸ್ತೆ, ಧೂಳು ಇವೆಲ್ಲ ಮುಗಿಯುವಷ್ಟರಲ್ಲಿ ಆಕಳಿಕೆ ಬಂದಿರುತ್ತದೆ. ನೇರವಾಗಿ ನಾಲ್ಕು ವಿಷಯ ಹುಡುಕಿ. ಪೈಪಿನ ಅಗಲ ಎಷ್ಟು? ಒಳಗೆ ಒತ್ತಡ ಎಷ್ಟು? ಪೈಪು ಒಡೆದರೆ ಗ್ಯಾಸು ನಿಲ್ಲಿಸಲು ಎಷ್ಟು ನಿಮಿಷ ಅಂತ ಹಿಡಿದಿದ್ದಾರೆ? ದೂರವನ್ನು ಎಲ್ಲಿಂದ ಎಲ್ಲಿಗೆ ಅಳೆದಿದ್ದಾರೆ?

ನಾನು ಇಂಜಿನಿಯರ್ ಅಲ್ಲ. ಸಾಗರದ ಕಡೆಯವಳು. ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಚೆಸ್ಟರ್ ಕೌಂಟಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ನಮ್ಮ ಕೌಂಟಿಯ ಬ್ಯುಕಾನನ್ ಎಂಬ ಊರಿನಲ್ಲಿ, ಹಡ್ಸನ್ ನದಿಯ ದಂಡೆ ಮೇಲೆ, ಇಂಡಿಯನ್ ಪಾಯಿಂಟ್ ಅಣುವಿದ್ಯುತ್ ಸ್ಥಾವರ ಇದೆ, ಈಗ ಮುಚ್ಚಿದೆ. ಅದರ ಜಾಗದೊಳಗೇ 26 ಮತ್ತು 30 ಇಂಚಿನ ಎರಡು ಹಳೇ ಗ್ಯಾಸ್ ಪೈಪುಗಳು ಹಾದು ಹೋಗಿವೆ. ಸಾಲದು ಅಂತ 42 ಇಂಚಿನ ಇನ್ನೊಂದಕ್ಕೆ 2015ರ ಮಾರ್ಚ್‌ನಲ್ಲಿ ಕೇಂದ್ರದ ಇಂಧನ ಆಯೋಗ ಒಪ್ಪಿಗೆ ಕೊಟ್ಟಿತು. ಅದೇ ಅಲ್ಗಾನ್‌ಕ್ವಿನ್ ಪೈಪ್‌ಲೈನ್‌ನ ವಿಸ್ತರಣೆ, ಇಲ್ಲಿ ಎಲ್ಲರ ಬಾಯಲ್ಲೂ 'ಏಮ್'. ಆ ಫೈಲು ಓದುತ್ತಾ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಗಲ, ಒತ್ತಡ. ಇವೆರಡು ಸಿಕ್ಕರೆ ಒಂದು ಲೆಕ್ಕವನ್ನು ನೀವೇ ಮಾಡಬಹುದು. ಅಮೆರಿಕದ ಪೈಪ್‌ಲೈನ್ ನಿಯಮದಲ್ಲೇ ಇರುವ ಸೂತ್ರ ಇದು. ಚದರ ಇಂಚಿಗೆ ಎಷ್ಟು ಪೌಂಡ್ ಎಂಬ ಲೆಕ್ಕದಲ್ಲಿರುವ ಒತ್ತಡದ ವರ್ಗಮೂಲ ತೆಗೆಯಿರಿ, ಇಂಚಿನಲ್ಲಿರುವ ಅಗಲದಿಂದ ಗುಣಿಸಿ, ಮತ್ತೆ 0.69ರಿಂದ ಗುಣಿಸಿ. ಬರುವ ಉತ್ತರ ಅಡಿಗಳಲ್ಲಿ. ಒಡೆದು ಹೊತ್ತಿಕೊಂಡರೆ ಜನಕ್ಕೆ, ಕಟ್ಟಡಕ್ಕೆ ದೊಡ್ಡ ಪೆಟ್ಟು ಬೀಳಬಹುದಾದ ವೃತ್ತದ ತ್ರಿಜ್ಯ ಅದು. ಏಮ್ ಪೈಪಿನ ಒತ್ತಡ ಚದರ ಇಂಚಿಗೆ 850 ಪೌಂಡ್. ವರ್ಗಮೂಲ ಸುಮಾರು 29.15. ಅದನ್ನು 42ರಿಂದ ಗುಣಿಸಿದರೆ 1,224. ಅದಕ್ಕೆ 0.69 ಹಾಕಿದರೆ 845 ಅಡಿ, ಅಂದರೆ ಸುಮಾರು 258 ಮೀಟರ್. ನಕ್ಷೆಯ ಅಳತೆಗೆ ತಕ್ಕಂತೆ ಕೈವಾರ ಹಿಡಿದು, ಪೈಪಿನ ಉದ್ದಕ್ಕೂ ವೃತ್ತ ಎಳೆಯುತ್ತಾ ಹೋಗಿ. ಹತ್ತನೇ ಕ್ಲಾಸಿನ ಮಕ್ಕಳೂ ಮಾಡುತ್ತಾರೆ.

ಆದರೆ ಆ ಗೆರೆಯಾಚೆ ಏನೂ ಆಗಲ್ಲ ಅಂದುಕೊಳ್ಳಬೇಡಿ. 2000ದ ಆಗಸ್ಟ್‌ನಲ್ಲಿ ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬ್ಯಾಡ್ ಹತ್ತಿರ 30 ಇಂಚಿನ ಪೈಪು ಒಡೆಯಿತು. ನದಿ ಪಕ್ಕ ಟೆಂಟು ಹಾಕಿದ್ದ ಒಂದೇ ಕುಟುಂಬದ 12 ಜನ ಸತ್ತರು. ಆ ಪೈಪಿಗೆ ಇದೇ ಸೂತ್ರ ಹಾಕಿದರೆ ಉತ್ತರ 600 ಅಡಿ ದಾಟುವುದಿಲ್ಲ. ಅವರಿದ್ದದ್ದು ಒಡೆದ ಗುಂಡಿಯಿಂದ ಸುಮಾರು 675 ಅಡಿ ದೂರದಲ್ಲಿ. ಕಟ್ಟಡದ ಮರೆ ಇಲ್ಲದವರಿಗೆ ಈ ಲೆಕ್ಕ ಸಾಲದು.

ಇನ್ನು ದೂರ. ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು. ವರದಿಯಲ್ಲಿ ಪೈಪಿನಿಂದ ರಿಯಾಕ್ಟರ್ ಗುಮ್ಮಟಕ್ಕೆ ಇರುವ ದೂರವನ್ನು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಗುಮ್ಮಟಕ್ಕೆ ದಪ್ಪ ಕಾಂಕ್ರೀಟ್ ಗೋಡೆ ಇದೆ, ಅದರ ಚಿಂತೆ ಕೊನೆಗೆ ಮಾಡೋಣ. ನೀವು ಕೇಳಬೇಕಾದ್ದು ಗುಮ್ಮಟದ ಹೊರಗಿನದನ್ನು. ಹೊರಗಿಂದ ಕರೆಂಟು ಬರುವ ಸ್ವಿಚ್‌ಯಾರ್ಡ್ ಎಲ್ಲಿದೆ? ಡೀಸೆಲ್ ಜನರೇಟರ್ ಎಲ್ಲಿ, ಅದರ ಎಣ್ಣೆ ಟ್ಯಾಂಕ್ ಎಲ್ಲಿ? ನದಿ ನೀರು ಎಳೆಯುವ ಪಂಪ್‌ಹೌಸ್ ಎಲ್ಲಿ? ರಿಯಾಕ್ಟರ್ ಆಫ್ ಮಾಡಿದರೂ ಇಂಧನ ಬಿಸಿ ಕಕ್ಕುತ್ತಲೇ ಇರುತ್ತದೆ, ತಣ್ಣಗಿಡಲು ಕರೆಂಟು, ನೀರು ಎರಡೂ ಬೇಕು. 2011ರಲ್ಲಿ ಫುಕುಶಿಮಾದಲ್ಲಿ ಭೂಕಂಪಕ್ಕೆ ಹೊರಗಿನ ಕರೆಂಟು ಹೋಯಿತು, ಸುನಾಮಿ ನೀರು ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು. ಇಂಧನ ಕರಗಿದ್ದು ಆಮೇಲೆ. ಹಾಗಾಗಿ ನಿಮ್ಮ 845 ಅಡಿಯ ವೃತ್ತದೊಳಗೆ ಇವುಗಳಲ್ಲಿ ಯಾವುದು ಬೀಳುತ್ತದೆ, ಎರಡು ಒಟ್ಟಿಗೇ ಬೀಳುತ್ತವಾ, ಅದನ್ನು ಗುರುತು ಹಾಕಿಕೊಳ್ಳಿ. ಒಂದು ಹೋದರೆ ಇನ್ನೊಂದಿದೆ ಎಂಬ ಉತ್ತರ ಬರುತ್ತದೆ. ಒಂದೇ ಬೆಂಕಿಗೆ ಎರಡೂ ಹೋದರೆ ಏನು ಅಂತ ಮರುಪ್ರಶ್ನೆ ಹಾಕಿ.

ಈಗ ನಿಮಿಷಗಳ ವಿಷಯ. ನನ್ನ ಪ್ರಕಾರ ಇಡೀ ಫೈಲಿನ ಜುಟ್ಟು ಇಲ್ಲಿದೆ.

ಅಮೆರಿಕದ ಅಣು ನಿಯಂತ್ರಣ ಆಯೋಗ ಏಮ್ ಪೈಪಿನ ಲೆಕ್ಕ ಹಾಕುವಾಗ, ಒಡೆದ ಮೂರು ನಿಮಿಷದಲ್ಲಿ ಎರಡೂ ಕಡೆಯ ವಾಲ್ವ್ ಮುಚ್ಚುತ್ತದೆ ಅಂತ ಹಿಡಿದಿತ್ತು. ಯೋಚಿಸಿ ನೋಡಿ. ದೂರದ ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಮೊದಲು ಒತ್ತಡ ಇಳಿದದ್ದು ಪರದೆಯಲ್ಲಿ ಕಾಣಬೇಕು. ಅದು ಒಡೆದದ್ದಾ, ಮೀಟರ್ ಕೆಟ್ಟದ್ದಾ, ಎಲ್ಲೋ ಬಳಕೆ ಜಾಸ್ತಿಯಾದದ್ದಾ ಅಂತ ತೀರ್ಮಾನಿಸಬೇಕು. ಆಮೇಲೆ ಬಟನ್ ಒತ್ತಬೇಕು, ವಾಲ್ವ್ ತಿರುಗಬೇಕು. ಮುಚ್ಚಿದ ಮೇಲೂ ಎರಡು ವಾಲ್ವ್‌ಗಳ ನಡುವೆ ಸಿಕ್ಕಿಕೊಂಡ ಗ್ಯಾಸು ಉರಿದೇ ಮುಗಿಯಬೇಕು. 2010ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋದಲ್ಲಿ 30 ಇಂಚಿನ ಪೈಪು ಒಡೆದಾಗ ಗ್ಯಾಸು ನಿಲ್ಲಿಸಲು 95 ನಿಮಿಷ ಹಿಡಿಯಿತು. 8 ಜನ ಸತ್ತರು, 38 ಮನೆ ಸುಟ್ಟವು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಮೊದಲ ಸ್ಫೋಟದ ಹೊಡೆತ ಕೆಲವೇ ಕ್ಷಣದಲ್ಲಿ ಆಗಿ ಹೋಗುತ್ತದೆ, ಅದಕ್ಕೂ ವಾಲ್ವಿಗೂ ಸಂಬಂಧ ಕಡಿಮೆ. ನಿಮಿಷಗಳು ತೀರ್ಮಾನಿಸುವುದು ಬೆಂಕಿ ಎಷ್ಟು ಹೊತ್ತು ಉರಿಯುತ್ತದೆ, ಟ್ಯಾಂಕು, ಕೇಬಲ್ಲು ಎಷ್ಟು ಬಿಸಿಯಾಗುತ್ತವೆ ಎಂಬುದನ್ನು. ಪತ್ರ ಬರೆಯುವಾಗ ಇವೆರಡನ್ನೂ ಬೆರೆಸಬೇಡಿ. ಬೆರೆಸಿದರೆ ಅಧಿಕಾರಿ ಆ ಒಂದು ತಪ್ಪು ಹಿಡಿದು ಉಳಿದದ್ದನ್ನೆಲ್ಲ ಪಕ್ಕಕ್ಕಿಡುತ್ತಾರೆ.

ಮೂರು ನಿಮಿಷದ ಬೆನ್ನು ಹತ್ತಿದವರು ಪಾಲ್ ಬ್ಲಾಂಚ್. ಅಣುಸ್ಥಾವರಗಳಲ್ಲೇ ಕೆಲಸ ಮಾಡಿದ ಇಂಜಿನಿಯರ್. ಅವರು 2014ರಲ್ಲೇ ಅಣು ಆಯೋಗಕ್ಕೆ ಅರ್ಜಿ ಹಾಕಿದರು, ಮಾಹಿತಿ ಹಕ್ಕಿನಡಿ ಲೆಕ್ಕದ ಹಾಳೆಗಳನ್ನೇ ಕೇಳಿ ತರಿಸಿದರು. 'ಲೆಕ್ಕ ಮಾಡಿದ್ದೇವೆ, ಸರಿ ಇದೆ' ಎಂಬ ಕಾಗದ ಅಲ್ಲ, ಲೆಕ್ಕವನ್ನೇ. ಕೊನೆಗೆ 2020ರ ಫೆಬ್ರವರಿಯಲ್ಲಿ ಆಯೋಗದ್ದೇ ಒಳಗಿನ ತನಿಖಾ ವಿಭಾಗ, ಇನ್‌ಸ್ಪೆಕ್ಟರ್ ಜನರಲ್ ಕಚೇರಿ, ವರದಿ ಕೊಟ್ಟಿತು. ಮೂರು ನಿಮಿಷದ ಊಹೆಗೆ ಬುಡ ಗಟ್ಟಿ ಇಲ್ಲ, ಬಳಸಿದ ಕಂಪ್ಯೂಟರ್ ಪ್ರೋಗ್ರಾಂ ಈ ಕೆಲಸಕ್ಕೆ ಹೊಂದುವಂಥದ್ದಲ್ಲ ಎಂಬುದು ಅದರ ಸಾರ. ಆಯೋಗ ತಜ್ಞರ ತಂಡ ಕೂರಿಸಿತು. ಕೆಲವು ಊಹೆಗಳು ತೀರಾ ಧಾರಾಳವಾಗಿದ್ದವು, ಆದರೂ ಸ್ಥಾವರ ಸುರಕ್ಷಿತ ಅಂತ ಏಪ್ರಿಲ್‌ನಲ್ಲಿ ತಂಡ ಹೇಳಿತು. ಆ ಉತ್ತರ ನಿಜವೇ ಇರಬಹುದು. ಪೈಪಿಗೆ ಗ್ಯಾಸು ಬಿಟ್ಟು ಮೂರು ವರ್ಷ ಆದ ಮೇಲೆ ಬಂತು, ಅಷ್ಟೇ! ಅದೇ ತಿಂಗಳ 30ಕ್ಕೆ ಎರಡನೇ ರಿಯಾಕ್ಟರ್ ಮುಚ್ಚಿತು, ಮುಂದಿನ ವರ್ಷ ಅದೇ ದಿನ ಮೂರನೆಯದೂ ಮುಚ್ಚಿತು.

ಮುಚ್ಚಿದ ಮಾತ್ರಕ್ಕೆ ಫೈಲು ಕಟ್ಟಿಡುವ ಹಾಗಿಲ್ಲ. ಉರಿದ ಇಂಧನ ಇನ್ನೂ ಅಲ್ಲೇ ಇದೆ, ಕಟ್ಟಡ ಒಡೆಯುವ ಭಾರಿ ಯಂತ್ರಗಳು ಪೈಪುಗಳ ಹತ್ತಿರ ಓಡಾಡುತ್ತವೆ. ಪೈಪು ಒಡೆಯುವ ಮುಖ್ಯ ಕಾರಣಗಳಲ್ಲಿ ಮಣ್ಣು ಅಗೆಯುವುದೂ ಒಂದು. ಏಮ್ ಪೈಪಿಗೆ ಸ್ಥಾವರದ ಹತ್ತಿರ ದಪ್ಪ ಉಕ್ಕು ಬಳಸಿ, ಮೇಲೆ ಕಾಂಕ್ರೀಟ್ ಹಾಸು ಹಾಕಿದ್ದಾರೆ. ಒಳ್ಳೇ ಕೆಲಸ. ಹಳೇ ಎರಡಕ್ಕೆ ಅಂಥ ರಕ್ಷಣೆ ಏನಿದೆ ಅಂತ ಬೇರೆಯಾಗಿ ಕೇಳಿ. ಹೊಸ ಪೈಪಿನ ಗಲಾಟೆಯಲ್ಲಿ ಹಳೆಯದನ್ನು ಎಲ್ಲರೂ ಮರೆಯುತ್ತಾರೆ.

'ಸಂಭವವೇ ಇಲ್ಲ' ಅಂದರೆ ಅಂಕಿ ಕೇಳಿ. ಅಣು ಆಯೋಗದ 1.91 ನಂಬರಿನ ಮಾರ್ಗದರ್ಶಿಯಲ್ಲಿ, ಸಂಭವ ಇಷ್ಟಕ್ಕಿಂತ ಕಡಿಮೆ ಇದ್ದರೆ ಬಿಡಬಹುದು ಎಂಬ ಮಿತಿ ಇದೆ. ವಾಸ್ತವಕ್ಕೆ ಹತ್ತಿರದ ಅಂಕಿ ಬಳಸಿದರೆ ವರ್ಷಕ್ಕೆ ಕೋಟಿಯಲ್ಲಿ ಒಂದು, ಎಚ್ಚರಿಕೆಯ ಅಂಕಿ ಬಳಸಿದರೆ ಹತ್ತು ಲಕ್ಷದಲ್ಲಿ ಒಂದು. ಯಾವುದನ್ನು ಬಳಸಿದಿರಿ, ಯಾಕೆ ಅಂತ ಕೇಳಬಹುದು, ಅಲ್ವಾ?

ಊರಲ್ಲಿರುವವರಿಗೆ: ದಾಭೋಳ್–ಬೆಂಗಳೂರು ಗ್ಯಾಸ್ ಪೈಪು ನಮ್ಮ ರಾಜ್ಯದ ಎಷ್ಟೋ ಹೊಲಗಳ ಕೆಳಗೆ ಹೋಗಿದೆ. ಅಣುಸ್ಥಾವರ ಪಕ್ಕದಲ್ಲಿರಲಿ, ಶಾಲೆ ಪಕ್ಕದಲ್ಲಿರಲಿ, ಇದೇ ನಾಲ್ಕು ಪ್ರಶ್ನೆ ನಡೆಯುತ್ತವೆ. ಜಮೀನಿನಲ್ಲಿ ಪೈಪು ಹಾಕುವ ಹಕ್ಕಿಗೆ 1962ರ ಕಾಯ್ದೆಯಡಿ ಅಧಿಸೂಚನೆ ಹೊರಟರೆ ಆಕ್ಷೇಪಣೆಗೆ ಇರುವುದು 21 ದಿನ ಮಾತ್ರ. ಪೇಪರಿನ ಮೂಲೆಯಲ್ಲಿ ಬಂದ ನೋಟೀಸು ನೋಡದೇ ಹೋದರೆ ಕಳೆದೇ ಹೋಗುತ್ತದೆ. ಲೆಕ್ಕದ ಹಾಳೆ ಬೇಕಾದರೆ ಆರ್‌ಟಿಐ ಹಾಕಿ. ಭದ್ರತೆಯ ಕಾರಣ ಕೊಟ್ಟು ಸ್ಥಾವರದ ನಕ್ಷೆ ಕೊಡದೇ ಇರಬಹುದು. ಅದಕ್ಕೇ ನಕ್ಷೆ ಕೇಳಬೇಡಿ, ಊಹೆಗಳನ್ನು ಕೇಳಿ.

ಪತ್ರ ಒಂದೇ ಪುಟ ಇರಲಿ. ಪ್ಯಾರಾಕ್ಕೆ ಒಂದೇ ಪ್ರಶ್ನೆ, ಪ್ರತಿ ಪ್ರಶ್ನೆಗೂ ವರದಿಯ ಪುಟ ಸಂಖ್ಯೆ. 'ಪುಟ ಇಷ್ಟರಲ್ಲಿ ವಾಲ್ವ್ ಇಷ್ಟು ನಿಮಿಷದಲ್ಲಿ ಮುಚ್ಚುತ್ತದೆ ಎಂದಿದ್ದೀರಿ. ಈ ಅಂಕಿ ಕೊಟ್ಟವರು ಯಾರು, ಯಾವ ಪರೀಕ್ಷೆಯಿಂದ ಬಂತು? ಇದರ ಹತ್ತು ಪಟ್ಟು ಸಮಯ ಹಿಡಿದರೆ ಸ್ವಿಚ್‌ಯಾರ್ಡ್ ಮತ್ತು ಡೀಸೆಲ್ ಟ್ಯಾಂಕಿಗೆ ಏನಾಗುತ್ತದೆ?' ಇಷ್ಟು ಸಾಕು. ಕೊಟ್ಟ ಪ್ರತಿ ಮೇಲೆ ಸೀಲು, ತಾರೀಕು ಹಾಕಿಸಿಕೊಂಡೇ ಬನ್ನಿ.