ಮಂಗಳವಾರದ ಹೊಟ್ಟೆನೋವು

ಪ್ರೌಢಶಾಲೆಗೆ ಆಪ್ತಸಮಾಲೋಚಕಿಯಾಗಿ ಸೇರಿದ ಮೊದಲ ತಿಂಗಳು ನನ್ನ ಕೋಣೆಗೆ ತಾವಾಗಿ ಬಂದ ಮಕ್ಕಳು ಒಬ್ಬರೂ ಇಲ್ಲ. ಬಂದವರೆಲ್ಲ ಯಾರೋ ಅಟ್ಟಿ ಕಳುಹಿಸಿದವರು. "ಇವನಿಗೆ ಸ್ವಲ್ಪ ಬುದ್ಧಿ ಹೇಳಿ ಮೇಡಂ" ಎಂದು ಬಾಗಿಲವರೆಗೆ ತಂದು ಬಿಟ್ಟು ಹೋಗುತ್ತಿದ್ದರು. ಬುದ್ಧಿ ಹೇಳುವವರಿಗೆ ಶಾಲೆಯಲ್ಲಿ ಬರವೇನೂ ಇರಲಿಲ್ಲ. ನನ್ನ ಕೆಲಸ ಅದಲ್ಲ ಎಂದು ಸಹೋದ್ಯೋಗಿಗಳಿಗೆ ಮನದಟ್ಟಾಗಲು ಒಂದು ವರ್ಷ ಹಿಡಿಯಿತು. ನನಗೇ ಮನದಟ್ಟಾಗಲೂ ಹೆಚ್ಚುಕಡಿಮೆ ಅಷ್ಟೇ ಹಿಡಿಯಿತು.

ಪೋಷಕರ ದೃಷ್ಟಿಯಲ್ಲಿ ನಾನು ಮುಂದಿನ ಕೋರ್ಸ್ ಯಾವುದೆಂದು ಹೇಳುವವಳು. ಅವರನ್ನು ದೂರುವಂತಿಲ್ಲ, ಈ ವೃತ್ತಿಯ ಬೇರು ಅಲ್ಲೇ ಇದೆ. 1908ರಲ್ಲಿ ಬೋಸ್ಟನ್ನಿನಲ್ಲಿ ಫ್ರಾಂಕ್ ಪಾರ್ಸನ್ಸ್ ತೆರೆದ ಕೇಂದ್ರದ ಉದ್ದೇಶ ಯುವಜನರಿಗೆ ಉದ್ಯೋಗ ಆರಿಸಿಕೊಳ್ಳಲು ನೆರವಾಗುವುದಾಗಿತ್ತು. ಕೋರ್ಸಿನ ವಿಚಾರ ಒಳ್ಳೆಯ ನೆಪವೂ ಹೌದು. ಹತ್ತು ನಿಮಿಷ ಅದನ್ನೇ ಮಾತನಾಡಿದರೆ, ಹೇಳಬೇಕೆಂದು ಬಂದಿದ್ದ ಬೇರೆ ಮಾತು ತಾನಾಗಿ ಹೊರಬರುತ್ತದೆ.

ಮೊದಲ ವರ್ಷ ಮಾಡಿದ ತಪ್ಪೊಂದನ್ನು ಹೇಳಿಬಿಡುತ್ತೇನೆ. ಒಬ್ಬ ಹುಡುಗ ಮನೆಯ ಜಗಳದ ಬಗ್ಗೆ ನನ್ನಲ್ಲಿ ಹೇಳಿಕೊಂಡಿದ್ದ. ತರಗತಿ ಶಿಕ್ಷಕಿಗೂ ತಿಳಿದಿರಲಿ ಎಂದು ಅದನ್ನು ಅವರ ಕಿವಿಗೆ ಹಾಕಿದೆ. ಅವರು ಪಾಪ, ಅಕ್ಕರೆಯಿಂದಲೇ, ಹಾಜರಿ ಕರೆಯುವಾಗ "ಮನೆಯಲ್ಲಿ ಈಗ ಎಲ್ಲ ಸರಿಹೋಯಿತೇನಪ್ಪ?" ಎಂದು ಕೇಳಿದರು. ನಲವತ್ತು ತಲೆಗಳು ಅವನತ್ತ ತಿರುಗಿದವು. ಆ ಹುಡುಗ ಮತ್ತೆ ನನ್ನ ಕೋಣೆಯ ಮೆಟ್ಟಿಲು ತುಳಿಯಲಿಲ್ಲ.

ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಶಿಕ್ಷಕರಿಗೆ ಅವರು ಏನು ಮಾಡಬೇಕೆಂಬುದನ್ನಷ್ಟೇ ಹೇಳುತ್ತೇನೆ, ಮಗು ಏನು ಹೇಳಿತೆಂಬುದನ್ನಲ್ಲ. ಮಗುವಿಗೂ ಮೊದಲ ಭೇಟಿಯಲ್ಲೇ ಗಡಿ ತಿಳಿಸುತ್ತೇನೆ: ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವಿದ್ದರೆ, ಇಲ್ಲವೇ ನಿನಗೆ ಯಾರಾದರೂ ಹಿಂಸೆ ಕೊಡುತ್ತಿದ್ದರೆ, ನಾನೊಬ್ಬಳೇ ಇಟ್ಟುಕೊಳ್ಳಲಾರೆ, ಹೇಳಬೇಕಾದವರಿಗೆ ಹೇಳುತ್ತೇನೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ. ಇದನ್ನು ಕೇಳಿದರೆ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳುವುದನ್ನೂ ಆಮೇಲೆ ಕಲಿತೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಅನೇಕರಿಗಿದೆ, ಅದು ತಪ್ಪು.

ಸುಮಾರು ಒಂಬೈನೂರು ಮಕ್ಕಳಿಗೆ ನಾನೊಬ್ಬಳೇ. ಅಮೆರಿಕದ ಶಾಲಾ ಸಮಾಲೋಚಕರ ಸಂಘ 250 ವಿದ್ಯಾರ್ಥಿಗಳಿಗೆ ಒಬ್ಬರು ಇರಲಿ ಎನ್ನುತ್ತದೆ. ಆ ಅಂಕಿಯನ್ನು ಹಿಡಿದುಕೊಂಡು ಬಹಳ ದಿನ ಗೊಣಗಿದ್ದೇನೆ. ಗೊಣಗುವುದನ್ನು ಬಿಡಿಸಿದವರು ಶಾಲೆಯ ನರ್ಸ್.

ಒಂದು ಮಧ್ಯಾಹ್ನ ಅವರು ಚಿಕಿತ್ಸಾ ಕೊಠಡಿಯ ದಾಖಲೆ ಪುಸ್ತಕವನ್ನು ತಂದು ನನ್ನ ಮೇಜಿನ ಮೇಲಿಟ್ಟು, ಒಂದೇ ಹೆಸರಿನ ಕೆಳಗೆ ಬೆರಳಾಡಿಸುತ್ತಾ ಹೋದರು. ಒಂಬತ್ತನೇ ತರಗತಿ, ಹೊಟ್ಟೆನೋವು. ಆರು ಸಲ ಬಂದಿದ್ದ. ಆರೂ ಸಲ ಮಂಗಳವಾರ ಇಲ್ಲವೇ ಶುಕ್ರವಾರ, ಮೂರನೇ ಪೀರಿಯಡ್ಡಿಗೆ ಮುಂಚೆ. ವೇಳಾಪಟ್ಟಿ ತೆಗೆದು ನೋಡಿದೆವು. ಆ ಎರಡು ದಿನ ಮೂರನೇ ಪೀರಿಯಡ್ಡಿನಲ್ಲಿ ಸರದಿಯ ಮೇಲೆ ಪಾಠವನ್ನು ಗಟ್ಟಿಯಾಗಿ ಓದಿಸುತ್ತಿದ್ದರು.

ಹುಡುಗನಿಗೆ ಉಗ್ಗು ಇತ್ತು. ಮಾತು ಕಡಿಮೆಯಾದ್ದರಿಂದ ಶಿಕ್ಷಕರಲ್ಲಿ ಯಾರಿಗೂ ಅದು ತಿಳಿದಿರಲಿಲ್ಲ. ಸಂಕೋಚದ ಸ್ವಭಾವ ಎಂದುಕೊಂಡಿದ್ದರು. ಗ್ರಂಥಪಾಲಕರಿಗೆ ಮಾತ್ರ ಗೊತ್ತಿತ್ತು. ಬೇಕಾದ ಪುಸ್ತಕದ ಹೆಸರನ್ನು ಅವನು ಯಾವಾಗಲೂ ಚೀಟಿಯಲ್ಲಿ ಬರೆದುಕೊಂಡು ಬರುತ್ತಿದ್ದನಂತೆ. "ನನ್ನನ್ನು ಯಾರೂ ಕೇಳಲಿಲ್ಲವಲ್ಲ ಮೇಡಂ" ಎಂದರು. ಹೊಟ್ಟೆನೋವು ನಾಟಕವೂ ಆಗಿರಲಿಲ್ಲ. ಹೆದರಿಕೆಗೆ ಹೊಟ್ಟೆ ನಿಜವಾಗಿಯೇ ನೋಯುತ್ತದೆ.

ನಾನು ಮಾಡಿದ್ದು ಕಡಿಮೆ. ಪೋಷಕರನ್ನು ಕರೆಸಿ ಮಾತನಾಡಿ, ವಾಕ್ ತಜ್ಞರ ಬಳಿಗೆ ಕಳುಹಿಸಿದೆ. ಉಗ್ಗುವವರಲ್ಲಿ ಹೆಚ್ಚಿನವರು ಇನ್ನೊಬ್ಬರ ಜೊತೆ ದನಿಗೂಡಿಸಿ ಓದುವಾಗ ಸರಾಗವಾಗಿ ಓದುತ್ತಾರೆ ಎಂದು ಅವರಿಂದ ತಿಳಿಯಿತು. ಭಾಷಾ ಶಿಕ್ಷಕರು ಇಡೀ ತರಗತಿಗೆ ಜೋಡಿ ಓದು ತಂದರು. ಇವನೊಬ್ಬನಿಗಾಗಿ ಎಂದು ಯಾರಿಗೂ ಅನ್ನಿಸಲಿಲ್ಲ. ಅವನ ಬಾಯಿಂದ ಹೊರಡಬೇಕಾದ ಪದವನ್ನು ತಾವೇ ಮುಗಿಸುವುದನ್ನೂ, "ನಿಧಾನ, ನಿಧಾನ" ಎನ್ನುವುದನ್ನೂ ಬಿಟ್ಟರು. ಅವರಿಗೆ ಇದು ಸುಲಭವಾಗಿರಲಿಲ್ಲ.

ಒಬ್ಬನೇ ಓದುವುದಾದರೆ ಎಷ್ಟನೆಯವನಾಗಿ ಓದುತ್ತೀಯೆ ಎಂದು ಅವನನ್ನೇ ಕೇಳಿದೆ. ಕೊನೆಯವನಾಗಿ ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ಕಾಗದ ಎಳೆದುಕೊಂಡು "ಮೊದಲು" ಎಂದು ಬರೆದ. ಆಮೇಲೆ ಬಾಯಿಬಿಟ್ಟು, ಸಾವಕಾಶವಾಗಿ, ಓದುವುದಕ್ಕಿಂತ ಸರದಿಗೆ ಕಾಯುವುದೇ ಕಷ್ಟ ಎಂದ. ನನಗೆ ಹೊಳೆಯದ ಮಾತು ಅದು.

ಈಗ ಸೋಮವಾರ ಬೆಳಿಗ್ಗೆ ಕಾಲು ಗಂಟೆ ನಾವು ಕೂರುತ್ತೇವೆ: ನರ್ಸ್, ಗ್ರಂಥಪಾಲಕರು, ದೈಹಿಕ ಶಿಕ್ಷಕರು, ವಿಶೇಷ ಶಿಕ್ಷಕಿ, ಹಾಜರಿ ನೋಡುವ ಗುಮಾಸ್ತರು, ಆಯಾ. ಆಯಾ ಮೊದಮೊದಲು ನಿಂತೇ ಇರುತ್ತಿದ್ದರು. ಕುರ್ಚಿ ಹಾಕಿ, ಕೂರಿ ಎಂದು ಮೂರು ವಾರ ಹೇಳಬೇಕಾಯಿತು. ಶೌಚಾಲಯದಲ್ಲಿ ಯಾರು ಅಳುತ್ತಾರೆ, ಊಟದ ಡಬ್ಬಿಯನ್ನು ಯಾರು ತೆರೆಯದೆ ವಾಪಸು ಒಯ್ಯುತ್ತಾರೆ ಎಂಬುದು ಅವರಿಗಿಂತ ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ. ಅಲ್ಲಿ ಕಂಡದ್ದನ್ನು ಮಾತ್ರ ಹೇಳಬೇಕು, ಊಹೆ ಹೇಳಬಾರದು, ಹೊರಗೆ ಆಡಬಾರದು. ನಾನೂ ಅಲ್ಲಿ ಹೆಚ್ಚಾಗಿ ಕೇಳಿಸಿಕೊಳ್ಳುತ್ತೇನೆ. ಕೋಣೆಯಲ್ಲಿ ಕೇಳಿದ್ದನ್ನು ಅಲ್ಲಿಗೆ ಒಯ್ಯುವುದಿಲ್ಲ.

ಶಿಸ್ತು ಸಮಿತಿಗೆ ನನ್ನನ್ನು ಸೇರಿಸಲು ಹೊರಟಾಗ ಒಲ್ಲೆ ಎಂದೆ. ಶಿಕ್ಷೆ ಬರೆಯುವ ಕೈಗೆ ಯಾರೂ ಗುಟ್ಟು ಒಪ್ಪಿಸುವುದಿಲ್ಲ. ಬದಲಿ ತರಗತಿಗಳಿಂದ ಮಾತ್ರ ಇನ್ನೂ ಪೂರ್ತಿ ತಪ್ಪಿಸಿಕೊಳ್ಳಲಾಗಿಲ್ಲ. ಈ ವರ್ಷ ವೇಳಾಪಟ್ಟಿಯಲ್ಲಿ ಸೋಮವಾರದ ಆ ಕಾಲು ಗಂಟೆಗೆ ಒಂದು ಚೌಕ ಸಿಕ್ಕಿದೆ. ಪೆನ್ಸಿಲಿನಲ್ಲಿ ಬರೆದಿದ್ದಾರೆ.